ಸೌಲನ ಕವಚ, ದಾವೀದನ ಮೈ



ಪಿಯುಸಿ ಫಲಿತಾಂಶ ಬಂದ ಮರುದಿನದಿಂದ ಧರ್ಮಕೇಂದ್ರದ ಕಚೇರಿಯಲ್ಲಿ ಒಂದು ಕಾಗದಕ್ಕೆ ಬಹಳ ಬೇಡಿಕೆ. ಅದು ವಿಚಾರಣಾ ಗುರುಗಳ ಶಿಫಾರಸು ಪತ್ರ. ‘ಈ ಪತ್ರ ತರುವ ವಿದ್ಯಾರ್ಥಿಯು ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಕಥೋಲಿಕ ಕುಟುಂಬದವನು, ಸಜ್ಜನ, ಓದಿನಲ್ಲಿ ಆಸಕ್ತಿಯುಳ್ಳವನು, ಈತನಿಗೆ ತಮ್ಮ ಕಾಲೇಜಿನಲ್ಲಿ ಸೀಟು ಕೊಟ್ಟು ಉಪಕರಿಸಬೇಕು’ ಎಂದು ನಾಲ್ಕು ಸಾಲು, ಕೆಳಗೆ ಒಂದು ಸಹಿ, ಪಕ್ಕದಲ್ಲಿ ದೇವಾಲಯದ ಮುದ್ರೆ. ಗುರುವಾದ ಇಷ್ಟು ವರ್ಷಗಳಲ್ಲಿ ಇಂತಹ ಪತ್ರಗಳನ್ನು ಎಷ್ಟು ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ಒಂದನ್ನು ಮಾತ್ರ ಮರೆತಿಲ್ಲ.

ಆಗ ನಾನು ಬೇರೊಂದು ಊರಿನ ಧರ್ಮಕೇಂದ್ರದಲ್ಲಿದ್ದೆ. ಬಸ್ ಚಾಲಕರಾಗಿದ್ದ ತಂದೆಯೊಬ್ಬರು ಮಗನನ್ನು ಕರೆದುಕೊಂಡು ಬಂದರು. ಹುಡುಗ ನನಗೆ ಚೆನ್ನಾಗಿ ಗೊತ್ತಿದ್ದವನೇ. ಕ್ರಿಸ್ಮಸ್ ಗೋದಲಿಗೆ ದೀಪದ ಸರ ಎಳೆಯುವವನು ಅವನು. ಪೂಜೆಯ ನಡುವೆ ಮೈಕು ಗೊರಗೊರ ಎಂದರೆ ಪೀಠಸೇವಕರ ಸಾಲಿನಿಂದ ಎದ್ದುಹೋಗಿ ಸರಿಮಾಡಿ ಬರುವವನೂ ಅವನೇ. ‘ಕಂಪ್ಯೂಟರ್ ಸೈನ್ಸ್ ಬೇಕು ಸ್ವಾಮಿ, ಒಳ್ಳೆ ಕಾಲೇಜು, ನೀವು ಬರೆದುಕೊಟ್ಟರೆ ಆಗುತ್ತೆ’ ಎಂದರು ತಂದೆ. ಹುಡುಗ ಅವರ ಹಿಂದೆ ನಿಂತು ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡುತ್ತಿದ್ದ. ನಾನು ಅವನನ್ನು ಒಂದು ಮಾತೂ ಕೇಳಲಿಲ್ಲ. ‘ಈ ವಿಷಯದಲ್ಲಿ ಅಪಾರ ಆಸಕ್ತಿಯುಳ್ಳವನು’ ಎಂದು ಬರೆದು ಸಹಿ ಹಾಕಿದೆ. ಸುಳ್ಳು ಬರೆದೆನೆಂದು ಆಗ ಅನ್ನಿಸಲೇ ಇಲ್ಲ.

ಎರಡೂವರೆ ವರ್ಷಗಳ ನಂತರ ಒಂದು ಸಂಜೆ ಪೂಜೆ ಮುಗಿಸಿ ದೇವಾಲಯದ ಬಾಗಿಲು ಹಾಕಲು ಹೋದಾಗ, ಹಿಂದಿನ ಬೆಂಚಿನಲ್ಲಿ ಅವನು ಕುಳಿತಿದ್ದ. ಕೈಯಲ್ಲಿ ಬಟ್ಟೆಯ ಚೀಲ. ಪೂಜೆಗೆ ಬಂದವನಲ್ಲ, ಮನೆಗೆ ಹೋಗಲಾರದೆ ಬಂದವನು. ಕಚೇರಿಗೆ ಕರೆತಂದು ಕಾಫಿ ಕೊಟ್ಟೆ. ಬಹಳ ಹೊತ್ತಿನ ಮೇಲೆ ಹೇಳಿದ: ‘ಒಂಬತ್ತು ಸಬ್ಜೆಕ್ಟ್ ಬಾಕಿ ಇದೆ ಫಾದರ್. ಮನೇಲಿ ಎರಡು ಅಂತ ಹೇಳಿದ್ದೀನಿ. ಅಮ್ಮನ ಸರ ಬ್ಯಾಂಕಲ್ಲಿದೆ. ಕ್ಲಾಸಲ್ಲಿ ಕೂತ್ರೆ ಯಾರದೋ ಮನೇಲಿ ಬಂದು ಕೂತ ಹಾಗಿರುತ್ತೆ.’ ಹಾಗಾದರೆ ಯಾಕಪ್ಪಾ ಸೇರಿದೆ ಎಂದು ಕೇಳಿದೆ. ಅವನು ತಲೆ ಎತ್ತದೆ, ಸಿಟ್ಟೂ ಇಲ್ಲದೆ ಹೇಳಿದ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ: ‘ಮಾರ್ಕ್ಸ್ ಬಂದಿತ್ತು. ಅಪ್ಪ ಹೇಳಿದ್ರು. ನೀವೂ ಬರೆದುಕೊಟ್ರಿ.’

ಇದು ಪಾಪನಿವೇದನೆಯ ಪೀಠದಲ್ಲಿ ಕೇಳಿದ ಮಾತಲ್ಲ. ಆ ಹುಡುಗನೂ ಅವನ ತಂದೆಯೂ ಒಪ್ಪಿದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಸಮುವೇಲನ ಮೊದಲನೆಯ ಗ್ರಂಥದ ಹದಿನೇಳನೆಯ ಅಧ್ಯಾಯ ನೆನಪಾಯಿತು. ದಾವೀದ, ಗೋಲಿಯಾತರ ಕಥೆ ನಮ್ಮ ಧರ್ಮೋಪದೇಶ ತರಗತಿಯ ಚಿಕ್ಕ ಮಕ್ಕಳಿಗೂ ಗೊತ್ತು. ಕವಣೆ ಗೊತ್ತು, ಕಲ್ಲು ಗೊತ್ತು, ದೈತ್ಯ ಬಿದ್ದದ್ದು ಗೊತ್ತು. ಅದಕ್ಕೆ ಮೊದಲು ನಡೆದ ಒಂದು ಚಿಕ್ಕ ಘಟನೆಯನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಯುದ್ಧಕ್ಕೆ ಹೊರಟ ಹುಡುಗನಿಗೆ ಅರಸ ಸೌಲ ತನ್ನದೇ ಆಯುಧಗಳನ್ನು ತೊಡಿಸುತ್ತಾನೆ. ತಲೆಗೆ ಕಂಚಿನ ಶಿರಸ್ತ್ರಾಣ, ಎದೆಗೆ ಕವಚ. ದಾವೀದ ಅದರ ಮೇಲೆ ಕತ್ತಿಯನ್ನೂ ಕಟ್ಟಿಕೊಂಡು ನಡೆಯಲು ನೋಡುತ್ತಾನೆ, ಆಗುವುದಿಲ್ಲ. ನನಗೆ ಇವುಗಳ ಅಭ್ಯಾಸವಿಲ್ಲ ಎಂದು ಹೇಳಿ ಬಿಚ್ಚಿಡುತ್ತಾನೆ. ಆಮೇಲೆ ತನ್ನ ಕುರುಬರ ಕೋಲು ಹಿಡಿದು ಹಳ್ಳಕ್ಕೆ ಹೋಗಿ ಐದು ನುಣುಪು ಕಲ್ಲುಗಳನ್ನು ಆರಿಸಿಕೊಳ್ಳುತ್ತಾನೆ.

ಸೌಲ ಎಂಥವನೆಂದು ಅದೇ ಗ್ರಂಥ ಮೊದಲೇ ಹೇಳಿದೆ. ಇಸ್ರಯೇಲರಲ್ಲಿ ಬೇರೆಲ್ಲರೂ ಅವನ ಹೆಗಲಿನವರೆಗೆ ಮಾತ್ರ ಬರುತ್ತಿದ್ದರು. ಅಂಥವನ ಅಳತೆಗೆ ಮಾಡಿದ ಕವಚ ಕುರಿ ಕಾಯುವ ಹುಡುಗನಿಗೆ ಹೇಗೆ ಹೊಂದೀತು? ಆದರೂ ಸೌಲ ಅದನ್ನು ಕೆಟ್ಟ ಮನಸ್ಸಿನಿಂದ ಕೊಡಲಿಲ್ಲ, ಅಂದು ತನ್ನಲ್ಲಿದ್ದ ಅತ್ಯುತ್ತಮವಾದದ್ದನ್ನೇ ಕೊಟ್ಟ. ನಮ್ಮ ತಂದೆತಾಯಿಗಳೂ ಹಾಗೆಯೇ ಅಲ್ಲವೇ? ಬಿಸಿಲಿನಲ್ಲಿ ಬಸ್ ಓಡಿಸಿದವರು ಮಗ ತಣ್ಣಗಿನ ಕೋಣೆಯಲ್ಲಿ ಕೂರಲಿ ಎಂದುಕೊಂಡರೆ ಅದು ಪ್ರೀತಿಯೇ. ಪ್ರೀತಿಯಿಂದ ತೊಡಿಸಿದ ಕವಚವನ್ನು ಬಿಚ್ಚುವುದು ದ್ವೇಷದಿಂದ ತೊಡಿಸಿದ್ದನ್ನು ಬಿಚ್ಚುವುದಕ್ಕಿಂತ ಕಷ್ಟ. ಆ ಹುಡುಗ ಎರಡೂವರೆ ವರ್ಷ ಬಿಚ್ಚದೆ ನಡೆದದ್ದು ಅದಕ್ಕೇ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರ ಒಂದು ವಿಚಾರವನ್ನು ನಮಗೆ ಮತ್ತೆಮತ್ತೆ ಹೇಳಿಕೊಡುತ್ತಿದ್ದರು. ದೇವರ ಕೃಪಾವರವು ಮನುಷ್ಯನ ಸ್ವಭಾವವನ್ನು ಕೆಡವಿ ಅದರ ಮೇಲೆ ಹೊಸ ಮನೆ ಕಟ್ಟುವುದಿಲ್ಲ, ಇರುವ ಸ್ವಭಾವವನ್ನೇ ಎತ್ತಿ ಪೂರ್ಣತೆಗೆ ಒಯ್ಯುತ್ತದೆ ಎಂಬುದು ಅದರ ತಿರುಳು. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಹಿಂದಿನ ಬೆಂಚಿನ ಹುಡುಗನಿಂದ. ನಿಮ್ಮ ಮಗಳು ಹುಟ್ಟಿನಿಂದಲೇ ಮಾತುಗಾತಿಯೋ ಮೌನಿಯೋ, ಅವಳ ಬುದ್ಧಿ ಕೈಯಲ್ಲಿದೆಯೋ ನಾಲಗೆಯಲ್ಲಿದೆಯೋ ಲೆಕ್ಕದಲ್ಲಿದೆಯೋ, ಅದು ಅಕಸ್ಮಾತ್ ಆದದ್ದಲ್ಲ. ಕರೆಯುವ ದೇವರೇ ಉಂಟುಮಾಡಿದ ದೇವರು ಕೂಡ. ಹಾಗಾಗಿ ಅವಳ ಸ್ವಭಾವವೂ ದೈವಕರೆಯ ಒಂದು ಭಾಗ.

‘ದೈವಕರೆ’ ಎಂದ ಕೂಡಲೇ ನಮ್ಮ ಜನ ಗುರುಮಠ ಅಥವಾ ಕನ್ಯಾಮಠ ಎಂದುಕೊಳ್ಳುತ್ತಾರೆ. ಉಳಿದದ್ದೆಲ್ಲ ಹೊಟ್ಟೆಪಾಡು ಎಂಬ ಭಾವನೆ. ಪವಿತ್ರ ಗ್ರಂಥ ಹಾಗೆನ್ನುವುದಿಲ್ಲ. ವಿಮೋಚನಕಾಂಡದ ಮೂವತ್ತೊಂದನೆಯ ಅಧ್ಯಾಯ ತೆರೆದು ನೋಡಿ. ಅಲ್ಲಿ ದೇವರು ಒಬ್ಬನನ್ನು ಹೆಸರು ಹಿಡಿದು ಕರೆದು ತಮ್ಮ ಆತ್ಮದಿಂದ ತುಂಬಿಸುತ್ತಾರೆ. ಅವನು ಯಾಜಕನಲ್ಲ, ಪ್ರವಾದಿಯೂ ಅಲ್ಲ. ಬೆಚಲೇಲ ಎಂಬ ಕುಶಲಕರ್ಮಿ. ಚಿನ್ನ, ಬೆಳ್ಳಿ, ಕಂಚಿನ ಕೆಲಸ, ರತ್ನ ಕೆತ್ತುವುದು, ಮರಗೆಲಸ ಇವೆಲ್ಲ ಅವನಿಗೆ ಬರುತ್ತಿದ್ದವು. ಪವಿತ್ರಾತ್ಮರ ವರದಾನ ಎಂದರೆ ನಾವು ದೃಢೀಕರಣದ ದಿನ ಧರ್ಮಾಧ್ಯಕ್ಷರು ಹಣೆಗೆ ತೈಲ ಹಚ್ಚುವುದನ್ನು ನೆನೆಯುತ್ತೇವೆ. ಉಳಿ ಹಿಡಿದ ಕೈಯ ನೈಪುಣ್ಯವನ್ನೂ ಅದೇ ಆತ್ಮದ ವರವೆಂದು ಬೈಬಲ್ ಹೇಳುತ್ತದೆ. ಮೈಕು ಸರಿಮಾಡುತ್ತಿದ್ದ ಹುಡುಗನ ಕೈಯಲ್ಲಿದ್ದದ್ದನ್ನು ವಾರವಾರವೂ ನೋಡಿದ್ದ ನಾನು, ವರವೆಂದು ಗುರುತಿಸದೆ ಬರೀ ಉಪಕಾರವೆಂದುಕೊಂಡಿದ್ದೆ.

ಪಾಲಕರೇ, ನಿಮ್ಮನ್ನು ದೂರುವುದು ಸುಲಭ. ಯೇಸುವಿನ ಕಾಲದಲ್ಲೂ ಒಬ್ಬ ತಾಯಿ ಇದ್ದಳು, ಜೆಬೆದಾಯನ ಹೆಂಡತಿ. ತನ್ನ ಇಬ್ಬರು ಮಕ್ಕಳಲ್ಲಿ ಒಬ್ಬ ಬಲಗಡೆ, ಒಬ್ಬ ಎಡಗಡೆ ಕೂರಲಿ ಎಂದು ನೇರವಾಗಿ ಸ್ವಾಮಿಯನ್ನೇ ಕೇಳಿದಳು. ಇಂದಿನ ಭಾಷೆಯಲ್ಲಿ ಎರಡು ಸೀಟು ಕೇಳಿದಳು ಎನ್ನಬಹುದು. ಸ್ವಾಮಿ ಅವಳನ್ನು ಗದರಿಸಲಿಲ್ಲ. ನೀವು ಕೇಳುತ್ತಿರುವುದು ಏನೆಂದು ನಿಮಗೇ ತಿಳಿಯದು ಎಂದರು. ಆಮೇಲೆ ಪ್ರಶ್ನೆಯನ್ನು ತಾಯಿಗಲ್ಲ, ಮಕ್ಕಳಿಗೆ ಕೇಳಿದರು: ನಾನು ಕುಡಿಯಲಿರುವ ಪಾತ್ರೆಯಿಂದ ನೀವು ಕುಡಿಯಬಲ್ಲಿರಾ? ಉತ್ತರ ಕೊಡಬೇಕಾದವರು ಅವರು ತಾನೇ.

ಸಂತ ಥಾಮಸರ ಮನೆಯಲ್ಲೂ ಇದೇ ಜಗಳ ನಡೆದಿತ್ತು. ಕುಲೀನ ಮನೆತನದವರು ಮಗ ಮೊಂಟೆ ಕಸ್ಸಿನೊದ ಹೆಸರಾಂತ ಮಠಕ್ಕೆ ಮಠಾಧೀಶನಾಗಲಿ ಎಂದು ಬಯಸಿದ್ದರು. ಆತ ಭಿಕ್ಷೆ ಬೇಡಿ ಬದುಕುವ ದೊಮಿನಿಕನ್ ಸಭೆಯನ್ನು ಆರಿಸಿಕೊಂಡಾಗ 1244ರಲ್ಲಿ ಅಣ್ಣಂದಿರೇ ಹಿಡಿದು ತಂದು ಕೋಟೆಯಲ್ಲಿ ಸುಮಾರು ಒಂದು ವರ್ಷ ಕೂಡಿಹಾಕಿದರು. ನೋಡಿ, ಆಯ್ಕೆಯ ಎರಡು ಪಕ್ಕದಲ್ಲೂ ಧರ್ಮವೇ ಇತ್ತು. ಮನೆಯವರಿಗೆ ಬೇಕಾಗಿದ್ದದ್ದು ಅದರೊಂದಿಗೆ ಬರುವ ಗೌರವ. ನಮ್ಮಲ್ಲೂ ಮಗ ಗುರುವಾದರೆ ಊರಲ್ಲಿ ಹೆಸರು ಎಂದು ದೂಡುವ ಮನೆಗಳಿವೆ. ಮನಸ್ಸಿಲ್ಲದೆ ಬಂದು ಗುರುಮಠದಲ್ಲಿ ಸೊರಗಿದವರನ್ನು ನಾನು ಕಂಡಿದ್ದೇನೆ. ಬಿಳಿ ನಿಲುವಂಗಿಯೂ ಸೌಲನ ಕವಚವಾಗಬಲ್ಲದು.

ಇಷ್ಟು ಓದಿ ಕೆಲವು ಯುವಕರಿಗೆ ಖುಷಿಯಾಗಿರಬಹುದು. ‘ನೋಡಿ ಅಪ್ಪಾ, ಫಾದರೇ ಬರೆದಿದ್ದಾರೆ, ಲೆಕ್ಕ ನನ್ನ ಸ್ವಭಾವವಲ್ಲ’ ಎಂದು ಪತ್ರಿಕೆ ಹಿಡಿದು ಹೋಗಬೇಡಿ. ಸ್ವಲ್ಪ ತಾಳಿ. ದಾವೀದ ಬಿಚ್ಚಿಟ್ಟದ್ದು ಕವಚವನ್ನು, ಬಿಟ್ಟು ಓಡಿದ್ದು ರಣರಂಗವನ್ನಲ್ಲ. ಗೋಲಿಯಾತನ ಎದುರಿಗೆ ಹೋಗಿಯೇ ಹೋದ. ಕವಣೆ ಬೀಸುವುದನ್ನು ಅಂದು ಬೆಳಗ್ಗೆ ಕಲಿತವನೂ ಅಲ್ಲ. ಕಾಡಿನಲ್ಲಿ ಯಾರೂ ನೋಡದಿದ್ದಾಗ ಸಿಂಹ, ಕರಡಿಗಳ ಬಾಯಿಂದ ಕುರಿ ಬಿಡಿಸಿದ ಅನುಭವ ಅವನ ಹಿಂದಿತ್ತು. ಸ್ವಭಾವಕ್ಕೆ ಹೊಂದುವ ಕೆಲಸ ಎಂದರೆ ಬೆವರಿಲ್ಲದ ಕೆಲಸ ಎಂದಲ್ಲ. ಮೋಶೆ ತನಗೆ ಮಾತು ಬಾರದು ಎಂದ, ಯೆರೆಮೀಯ ತಾನಿನ್ನೂ ಬಾಲಕ ಎಂದ. ಇಬ್ಬರ ನೆಪವನ್ನೂ ದೇವರು ಒಪ್ಪಲಿಲ್ಲ. ಹಾಗಾದರೆ ‘ನನಗೆ ಅಭ್ಯಾಸವಿಲ್ಲ’ ಎಂಬ ದಾವೀದನ ಮಾತು ಸರಿ, ‘ನನಗೆ ಮಾತು ಬಾರದು’ ಎಂಬ ಮೋಶೆಯ ಮಾತು ತಪ್ಪು, ಇದು ಹೇಗೆ? ದಾವೀದ ಕೆಲಸಕ್ಕೆ ಒಪ್ಪಿ ಸಾಧನವನ್ನು ನಿರಾಕರಿಸಿದ. ಮೋಶೆ ಕೆಲಸವನ್ನೇ ತಪ್ಪಿಸಿಕೊಳ್ಳಲು ನೋಡಿದ.

ನಮ್ಮ ಧರ್ಮಕೇಂದ್ರದ ಹೆಣ್ಣುಮಗಳೊಬ್ಬಳು ನರ್ಸಿಂಗ್ ಸೇರಿದ ಮೊದಲ ತಿಂಗಳಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವುದನ್ನು ನೋಡಿ ತಲೆ ತಿರುಗಿ ಬಿದ್ದಿದ್ದಳು. ಇದು ನನ್ನಂಥವಳಿಗಲ್ಲ ಎಂದು ಅತ್ತು ಮನೆಗೆ ಬಂದಳು. ಅವಳ ಅಜ್ಜಿ ಹಾಸಿಗೆ ಹಿಡಿದಾಗ ಹನ್ನೊಂದು ತಿಂಗಳು ಮೈ ತೊಳೆಸಿ ಮಗ್ಗುಲು ಬದಲಿಸಿದವಳು ಅವಳೇ ಎಂಬುದನ್ನು ತಾಯಿ ನೆನಪಿಸಿದರು. ರಕ್ತ ಕಂಡ ಭಯ ಮೊದಲ ತಿಂಗಳದು, ಅಜ್ಜಿಯ ಸೇವೆ ಅವಳ ಸ್ವಭಾವದ್ದು. ಅವಳು ವಾಪಸು ಹೋದಳು, ಇಂದು ತೀವ್ರ ನಿಗಾ ಘಟಕದಲ್ಲಿದ್ದಾಳೆ. ಇಂಜಿನಿಯರಿಂಗ್ ಹುಡುಗನದು ಎರಡೂವರೆ ವರ್ಷವಾದರೂ ಇಳಿಯದ ಭಾರ. ಇವೆರಡನ್ನೂ ಬೇರ್ಪಡಿಸಿ ನೋಡುವುದೇ ವಿವೇಕ, ಧರ್ಮಸಭೆಯ ಮಾತಿನಲ್ಲಿ ವಿವೇಚನೆ.

ಈಗ ಮೊಬೈಲಿನಲ್ಲಿ ಹತ್ತಿಪ್ಪತ್ತು ಪ್ರಶ್ನೆಗಳಿಗೆ ಗುರುತು ಹಾಕಿದರೆ ನಿಮ್ಮ ವ್ಯಕ್ತಿತ್ವ ಇಂಥದು ಎಂದು ನಾಲ್ಕು ಅಕ್ಷರದಲ್ಲಿ ಹೇಳಿಬಿಡುವ ಪರೀಕ್ಷೆಗಳಿವೆ. ಮಾಡಿ ನೋಡಿ, ತಪ್ಪೇನಿಲ್ಲ. ಜಾತಕದಂತೆ ನಂಬಬೇಡಿ ಅಷ್ಟೇ. ನಮ್ಮಲ್ಲಿ ಇದಕ್ಕಿಂತ ಹಳೆಯ ವಿಧಾನವೊಂದಿದೆ. 1521ರಲ್ಲಿ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗಲಿ ಕಾಲು ಮುರಿದುಕೊಂಡ ಇಗ್ನೇಷಿಯಸ್ ಲೊಯೋಲದ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದರು. ಹೊತ್ತು ಕಳೆಯಲು ವೀರಯೋಧರ ಕಥೆ ಕೇಳಿದರೆ ಮನೆಯಲ್ಲಿದ್ದದ್ದು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಚರಿತ್ರೆ ಮಾತ್ರ. ಅವರು ಎರಡು ಬಗೆಯ ಹಗಲುಗನಸು ಕಾಣುತ್ತಿದ್ದರು. ಕುಲೀನ ಸ್ತ್ರೀಯೊಬ್ಬಳಿಗಾಗಿ ಮಾಡಬಹುದಾದ ಸಾಹಸಗಳು ಒಂದು, ಸಂತರಂತೆ ಬದುಕುವುದು ಇನ್ನೊಂದು. ಕನಸು ಕಾಣುವಾಗ ಎರಡೂ ಸಿಹಿ. ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸಿ ಹೋಗುತ್ತಿತ್ತು, ಎರಡನೆಯದರ ನೆಮ್ಮದಿ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ಬದುಕಿನ ತಿರುವು.

ಪ್ರಿಯ ಯುವಜನರೇ, ನೀವೂ ಇದನ್ನು ಮಾಡಬಹುದು. ಸಂಜೆಯ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಸುಮ್ಮನೆ ಕುಳಿತು, ಒಂದು ಉದ್ಯೋಗದಲ್ಲಿ ನಿಮ್ಮನ್ನು ನೀವೇ ಕಲ್ಪಿಸಿಕೊಳ್ಳಿ. ನೇಮಕಾತಿಯ ದಿನವನ್ನಲ್ಲ, ಸಂಬಳದ ದಿನವನ್ನೂ ಅಲ್ಲ. ನಾಲ್ಕನೆಯ ವರ್ಷದ ಒಂದು ಸಾಧಾರಣ ಮಂಗಳವಾರವನ್ನು ಕಲ್ಪಿಸಿಕೊಳ್ಳಿ. ಎದ್ದ ಮೇಲೆ ಮನಸ್ಸಿನಲ್ಲಿ ಏನು ಉಳಿಯಿತು? ಒಂದು ದಿನದ ಉತ್ತರ ಸಾಲದು, ಕೆಲವು ವಾರ ಬೇಕು. ಸಂತ ಇಗ್ನೇಷಿಯಸರ ಇನ್ನೆರಡು ಸಲಹೆಗಳು ನನಗೆ ಬಹಳ ಉಪಯೋಗಕ್ಕೆ ಬಂದಿವೆ. ಗುರುತು ಪರಿಚಯವಿಲ್ಲದ ಒಬ್ಬ ವ್ಯಕ್ತಿ ನಿಮ್ಮ ಸ್ಥಿತಿಯಲ್ಲೇ ಇದ್ದು ಬಂದು ಕೇಳಿದರೆ ಅವನಿಗೆ ಏನು ಹೇಳುತ್ತೀರೋ ಅದನ್ನೇ ನೀವೂ ಮಾಡಿ ಎಂಬುದು ಒಂದು. ಮನಸ್ಸು ಕತ್ತಲೆಯಲ್ಲಿರುವಾಗ, ಬೆಳಕಿನಲ್ಲಿ ಮಾಡಿದ ತೀರ್ಮಾನವನ್ನು ಬದಲಿಸಬೇಡಿ ಎಂಬುದು ಇನ್ನೊಂದು. ಫೇಲಾದ ದಿನದ ಸಂಜೆ ಕಾಲೇಜು ಬಿಡುವ ತೀರ್ಮಾನ ಬೇಡ. ಆ ಸಂಜೆ ಊಟ ಮಾಡಿ, ಮಲಗಿ, ಯಾರಾದರೂ ಹಿರಿಯರ ಬಳಿ ಮಾತಾಡಿ. ಒಬ್ಬರೇ ಇರಬೇಡಿ. ನಮ್ಮ ಗುರುಮನೆಯ ಬಾಗಿಲು ಎಷ್ಟು ಹೊತ್ತಿಗೆ ತಟ್ಟಿದರೂ ತೆರೆಯುತ್ತದೆ.

ಇನ್ನು ವಿಶ್ವಾಸದ ಮಾತು. ಕೆಲಸ ಸ್ವಭಾವಕ್ಕೆ ಹೊಂದಿದರೆ ಸಾಕೇ? ಮಾತಿನಲ್ಲಿ ಚುರುಕು, ಎದುರಿನವನ ಮನಸ್ಸು ಓದುವ ಕಲೆ, ಎದೆಗಾರಿಕೆ ಇವೆಲ್ಲ ಒಳ್ಳೆಯ ವಕೀಲನಲ್ಲೂ ಇರುತ್ತವೆ, ಫೋನಿನಲ್ಲಿ ಮುದುಕರನ್ನು ಬೆದರಿಸಿ ದುಡ್ಡು ಕೀಳುವವನಲ್ಲೂ ಇರುತ್ತವೆ. ಸ್ವಭಾವ ದಾರಿ ತೋರಿಸುತ್ತದೆ, ಆ ದಾರಿ ಎಲ್ಲಿಗೆ ಹೋಗುತ್ತದೆಂದು ಅದು ಹೇಳುವುದಿಲ್ಲ. ದಿವಂಗತ ಜಗದ್ಗುರು ಫ್ರಾನ್ಸಿಸರು 2019ರಲ್ಲಿ ಯುವಜನರಿಗೆ ಬರೆದ ‘ಕ್ರಿಸ್ತುಸ್ ವಿವಿತ್’ ಪತ್ರದಲ್ಲಿ ಇದನ್ನೇ ಹೇಳಿದ್ದಾರೆ. ನಾನು ಯಾರು ಎಂದು ಕೇಳಿಕೊಳ್ಳುತ್ತಾ ಕೂರುವುದಕ್ಕಿಂತ ನಾನು ಯಾರಿಗಾಗಿ ಇದ್ದೇನೆ ಎಂದು ಕೇಳಿಕೊಳ್ಳುವುದು ಒಳ್ಳೆಯದು ಎಂಬುದು ಅವರ ಅಭಿಪ್ರಾಯ.

ಲೂಕನ ಶುಭಸಂದೇಶದ ಮೂರನೆಯ ಅಧ್ಯಾಯದಲ್ಲಿ ಸುಂಕದವರೂ ಸಿಪಾಯಿಗಳೂ ಸ್ನಾನಿಕ ಯೊವಾನ್ನನ ಬಳಿ ಬಂದು, ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಕೆಲಸ ಬಿಟ್ಟು ಮರುಭೂಮಿಗೆ ಬನ್ನಿ ಎನ್ನಬಹುದಿತ್ತು. ಅವನಿಗೂ ಮಿಡತೆ, ಕಾಡುಜೇನು ತಿನ್ನಲು ಜೊತೆಯಾಗುತ್ತಿತ್ತೇನೋ! ಅವನು ಹಾಗೆನ್ನಲಿಲ್ಲ. ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದ. ಸಿಪಾಯಿಗಳಿಗೆ, ಯಾರನ್ನೂ ಹೆದರಿಸಿ ಸುಲಿಯಬೇಡಿ, ಸುಳ್ಳು ದೂರು ಹೊರಿಸಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಎಂದ. ಜಕ್ಕಾಯನ ಮನೆಯಲ್ಲಿ ಉಂಡ ಸ್ವಾಮಿ ಕೂಡ ಅವನ ಉದ್ಯೋಗದ ಬಗ್ಗೆ ಒಂದು ಮಾತೂ ಆಡಲಿಲ್ಲ. ವಂಚಿಸಿದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದು ಅವನೇ ಎದ್ದು ನಿಂತ. ಆದರೆ ಅದೇ ವೃತ್ತಿಯ ಮತ್ತಾಯನಿಗೆ ಎದ್ದು ಬಾ ಎಂದರು. ಆದ್ದರಿಂದ ಎಲ್ಲರಿಗೂ ಒಂದೇ ಸೂತ್ರ ಇಲ್ಲಿ ಸಿಕ್ಕುವುದಿಲ್ಲ.

ಸಿಪಾಯಿಗಳಿಗೆ ಹೇಳಿದ ಆ ಮಾತನ್ನು ನಮ್ಮ ರಾಜ್ಯದಲ್ಲಿ ಮತ್ತೆ ಓದಬೇಕಾದ ಕಾಲ ಬಂದಿತ್ತು. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ರದ್ದುಮಾಡಿತು. ಪ್ರಾಮಾಣಿಕವಾಗಿ ಓದಿ ಬರೆದವರೂ ಮತ್ತೆ ಬರೆಯಬೇಕಾಯಿತು. ಪೊಲೀಸ್ ಕೆಲಸ ಗೌರವದ ಕೆಲಸ, ನಮ್ಮ ಮಕ್ಕಳು ಅಲ್ಲಿಗೆ ಹೋಗಬೇಕು. ಆದರೆ ಲಕ್ಷಗಟ್ಟಲೆ ಕೊಟ್ಟು ಹುದ್ದೆ ಕೊಂಡವನು ಆ ಲಕ್ಷವನ್ನು ಯಾರಿಂದ ವಾಪಸು ಪಡೆಯುತ್ತಾನೆ? ಸಂಬಳದಲ್ಲಿ ತೃಪ್ತನಾಗಿರುವುದು ಅವನಿಗೆ ಸಾಧ್ಯವೇ? ‘ಎಲ್ಲರೂ ಕೊಡ್ತಾರೆ ಸ್ವಾಮಿ, ಕೆಲಸ ಸಿಕ್ಕಿದ ಮೇಲೆ ಒಂದು ಹರಕೆ ತೀರಿಸ್ತೀವಿ’ ಎಂದು ನನ್ನೆದುರೇ ಹೇಳಿದವರಿದ್ದಾರೆ. ಅಂತಹ ಹರಕೆಯನ್ನು ಮಾತೆ ಮರಿಯಮ್ಮನವರ ಹೆಸರಿನಲ್ಲಿ ದಯವಿಟ್ಟು ಹೊರಬೇಡಿ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ, ಭಾನುವಾರದ ವಿಶ್ವಾಸಕ್ಕೂ ವಾರದ ನಡತೆಗೂ ಸಂಬಂಧವಿಲ್ಲದಂತೆ ಬದುಕುವುದನ್ನು ನಮ್ಮ ಕಾಲದ ದೊಡ್ಡ ತಪ್ಪುಗಳ ಸಾಲಿಗೆ ಸೇರಿಸಿತು. ನಾವು ಅದನ್ನು ಜಾಣತನವೆಂದು ಕರೆಯುತ್ತಿದ್ದೇವೆ.

ಸ್ವಭಾವ, ವಿಶ್ವಾಸ ಎರಡೂ ಕೂಡಿಬಂದ ಒಂದು ಮನೆಯನ್ನು ನೆನೆಯುತ್ತೇನೆ. ಫ್ರಾನ್ಸಿನ ಲೂಯಿ ಮಾರ್ಟಿನ್ ಎಂಬ ತರುಣ ಆಲ್ಪ್ಸ್ ಪರ್ವತದ ಸಂತ ಬರ್ನಾರ್ಡರ ಮಠ ಸೇರಲು ಹೋದ. ಲ್ಯಾಟಿನ್ ಬಾರದು ಎಂದು ಹಿಂದಕ್ಕೆ ಕಳುಹಿಸಿದರು. ಕಲಿಯಲು ಪ್ರಯತ್ನಪಟ್ಟ, ಆಗಲಿಲ್ಲ. ಅದೇ ಸೀಮೆಯ ಝೆಲಿ ಎಂಬ ತರುಣಿ ಸನ್ಯಾಸಿನಿಯಾಗಲು ಹೋದಳು. ಮಠದ ತಾಯಿ ಒಪ್ಪಲಿಲ್ಲ. ಲೂಯಿ ಶಾಂತ ಸ್ವಭಾವದ, ಒಬ್ಬನೇ ಕುಳಿತು ಧ್ಯಾನಿಸುವ ಮನುಷ್ಯ. ಗಡಿಯಾರ ರಿಪೇರಿ ಕಲಿತು ಅಲೆನ್ಸೋನ್ ಪಟ್ಟಣದಲ್ಲಿ ಅಂಗಡಿ ಇಟ್ಟ. ಝೆಲಿ ಚಟುವಟಿಕೆಯವಳು, ಲೆಕ್ಕಾಚಾರದವಳು. ಆ ಊರಿನ ಹೆಸರಾದ ಲೇಸ್ ಹೆಣಿಗೆ ಕಲಿತು ತನ್ನದೇ ಉದ್ಯಮ ನಡೆಸಿದಳು. 1858ರಲ್ಲಿ ಇಬ್ಬರಿಗೂ ಮದುವೆಯಾಯಿತು. ಭಾನುವಾರ ಒಳ್ಳೆಯ ವ್ಯಾಪಾರವಾಗುವ ದಿನವಾದರೂ ಲೂಯಿ ಅಂಗಡಿ ತೆರೆಯುತ್ತಿರಲಿಲ್ಲ. ಝೆಲಿಯ ಉದ್ಯಮ ಬೆಳೆದಾಗ ತನ್ನ ಅಂಗಡಿ ಬಿಟ್ಟು ಅವಳ ಕೆಲಸಕ್ಕೇ ಕೈಜೋಡಿಸಿದ. ‘ಹೆಂಡತಿಯ ಕೈಕೆಳಗೆ ಕೆಲಸವೇ’ ಎನ್ನುವ ಗಂಡಸರು ಗಮನಿಸಬೇಕು. ಅವರ ಒಂಬತ್ತು ಮಕ್ಕಳಲ್ಲಿ ನಾಲ್ವರು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಉಳಿದ ಐವರೂ ಸನ್ಯಾಸಿನಿಯರಾದರು. ಕಡೆಯವಳೇ ನಾವೆಲ್ಲ ಪ್ರೀತಿಸುವ ಬಾಲಯೇಸುವಿನ ಸಂತ ತೆರೇಸಾ. 2015ರ ಅಕ್ಟೋಬರ್ 18ರಂದು ಈ ಗಂಡಹೆಂಡಿರನ್ನು ಒಟ್ಟಿಗೇ ಸಂತರೆಂದು ಘೋಷಿಸಲಾಯಿತು. ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ, ರಾತ್ರಿ ಪಾಳಿಯಲ್ಲಿ ದುಡಿಯುವವರಿಗೆ ಭಾನುವಾರ ಬಾಗಿಲು ಹಾಕುವುದು ಸಾಧ್ಯವಿಲ್ಲ, ಧರ್ಮಸಭೆಗೂ ಅದು ಗೊತ್ತು. ಸಾಧ್ಯವಿರುವವರ ಮಾತು ಬೇರೆ.

ಆಯ್ಕೆ, ಆಯ್ಕೆ ಎಂದು ಬರೆಯುತ್ತಿರುವಾಗ ನನಗೆ ನಮ್ಮ ಅನೇಕ ಮನೆಗಳು ಕಣ್ಣ ಮುಂದೆ ಬರುತ್ತವೆ. ತೋಟದ ಕೂಲಿ, ಗಾರೆ ಕೆಲಸ, ಗಾರ್ಮೆಂಟ್ಸ್ ಇವುಗಳಿಗೆ ಸ್ವಭಾವ ನೋಡಿ ಯಾರು ಹೋದರು? ಹಸಿವು ನೋಡಿ ಹೋದರು. ಅವರಿಗೆ ಈ ಪ್ರಬೋಧನೆ ಅಣಕದಂತೆ ಕಾಣಬಾರದು. ಸಂತ ಎರಡನೇ ಜಾನ್ ಪೌಲರು ಜಗದ್ಗುರುಗಳಾಗುವ ಮುನ್ನ, ಯುದ್ಧಕಾಲದಲ್ಲಿ ಕಲ್ಲುಗಣಿಯಲ್ಲೂ ಕಾರ್ಖಾನೆಯಲ್ಲೂ ದುಡಿದವರು. 1981ರಲ್ಲಿ ಅವರು ಬರೆದ ‘ಲಬೊರೆಮ್ ಎಕ್ಸರ್ಚೆನ್ಸ್’ ಎಂಬ ವಿಶ್ವಪತ್ರದ ಮುಖ್ಯ ಮಾತು ಇದೇ: ಕೆಲಸದ ಬೆಲೆ ಅದು ಯಾವ ಕೆಲಸ ಎಂಬುದರಿಂದ ಬರುವುದಿಲ್ಲ, ಅದನ್ನು ಮಾಡುವವನು ಮನುಷ್ಯ ಎಂಬುದರಿಂದ ಬರುತ್ತದೆ. ಸಂತ ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಸಿಲ್ಲರ ಮನೆಯಲ್ಲಿದ್ದು ಗುಡಾರ ಹೊಲಿದು ಬದುಕಿದ. ಗುಡಾರ ಹೊಲಿಯುವುದು ಅವನ ಕರೆಯಾಗಿರಲಿಲ್ಲ, ಆ ಸೂಜಿಯ ಬಗ್ಗೆ ಅವನು ನಾಚಲೂ ಇಲ್ಲ. ಇಂದು ಆಯ್ಕೆ ಇಲ್ಲದ ತಂದೆತಾಯಿ ಕೂಲಿಯ ದುಡ್ಡಿನಿಂದ ಮಕ್ಕಳಿಗೆ ಕೊಡಿಸುತ್ತಿರುವುದು ಆಯ್ಕೆಯನ್ನೇ. ಹಾಗಿರುವಾಗ ಕೊಡಿಸಿದ ಮೇಲೆ ಅದನ್ನು ಅವರ ಕೈಯಿಂದ ಮತ್ತೆ ಕಿತ್ತುಕೊಳ್ಳುವುದು ಏಕೆ ಎಂಬುದೇ ನನ್ನ ಪ್ರಶ್ನೆ.

ಆ ಹುಡುಗನ ವಿಷಯ ಮುಗಿಸಬೇಕು. ಆ ರಾತ್ರಿ ಅವನ ತಂದೆಗೆ ಫೋನು ಮಾಡಿದೆ. ಮರುದಿನ ಬೆಳಗ್ಗೆ ಡ್ಯೂಟಿಯ ಬಟ್ಟೆಯಲ್ಲೇ ಬಂದರು. ಮಗನಿಗಿಂತ ಮೊದಲು ನಾನು ಅವರಲ್ಲಿ ಕ್ಷಮೆ ಕೇಳಿದೆ. ಅವರು ಕ್ಷಮಿಸಿದರೆಂದು ಹೇಳಲಾರೆ. ‘ಸರ ಅಡ ಇಟ್ಟೋನು ನಾನು ಸ್ವಾಮಿ, ನೀವಲ್ಲ’ ಎಂದು ಎದ್ದು ಹೋದರು. ಮೂರು ತಿಂಗಳು ಅಪ್ಪ ಮಗ ಮಾತಾಡಲಿಲ್ಲ. ಆಮೇಲೆ ತಂದೆಯೇ ಅವನನ್ನು ಕರೆದುಕೊಂಡು ಹೋಗಿ ಐಟಿಐಗೆ ಸೇರಿಸಿದರು. ಎಲೆಕ್ಟ್ರಿಷಿಯನ್ ವಿಭಾಗ, ಎರಡು ವರ್ಷ. ಅವನ ಜೊತೆ ಕುಳಿತವರು ಅವನಿಗಿಂತ ಮೂರು ವರ್ಷ ಚಿಕ್ಕವರು. ಇಂದು ಅವನು ಒಂದು ಕಾರ್ಖಾನೆಯಲ್ಲಿ ವಿದ್ಯುತ್ ವಿಭಾಗ ನೋಡಿಕೊಳ್ಳುತ್ತಾನೆ, ರಜಾ ದಿನ ಊರಿನ ಮನೆಗಳಿಗೆ ವೈರಿಂಗ್ ಮಾಡುತ್ತಾನೆ. ಕಾಲೇಜಿನ ಸಾಲ ಇನ್ನೂ ತೀರಿಲ್ಲ, ಕಂತು ಅವನೇ ಕಟ್ಟುತ್ತಿದ್ದಾನೆ. ನೆಂಟರು ಕೇಳಿದರೆ ಅವನ ತಂದೆ ಇಂದಿಗೂ ‘ಕಂಪನೀಲಿದ್ದಾನೆ’ ಎಂದಷ್ಟೇ ಹೇಳುತ್ತಾರಂತೆ. ಅಮ್ಮನ ಸರ ಮಾತ್ರ ಕಳೆದ ವರ್ಷ ಬಿಡಿಸಿಕೊಂಡು ಬಂದರು. ನನಗೆ ಫೋನು ಮಾಡಿ ಹೇಳಿದ್ದು ಅವನಲ್ಲ, ಆ ತಂದೆ.

ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಶಿಫಾರಸು ಪತ್ರ ಕೇಳಿ ಬಂದರೆ ತಂದೆತಾಯಿಯರಿಗೆ ಹೊರಗೆ ಕುರ್ಚಿ ಹಾಕಿಸಿ, ಮೊದಲು ಮಗುವಿನ ಜೊತೆ ಅರ್ಧ ಗಂಟೆ ಮಾತಾಡುತ್ತೇನೆ. ಕೆಲವರಿಗೆ ಇದು ಇಷ್ಟವಾಗುವುದಿಲ್ಲ. ಪಕ್ಕದ ಧರ್ಮಕೇಂದ್ರದಲ್ಲಿ ಐದು ನಿಮಿಷಕ್ಕೆ ಕೊಡುತ್ತಾರೆ ಎಂದು ಗೊಣಗುತ್ತಾರೆ.

ಕಳೆದ ವಾರ ಒಬ್ಬ ಹುಡುಗಿ ತಾಯಿಯೊಂದಿಗೆ ಬಂದಿದ್ದಳು. ತಾಯಿ ಹೇಳಿದ್ದು ಫಾರ್ಮಸಿ. ಒಳಗೆ ಕೂರಿಸಿ ಕೇಳಿದಾಗ ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, ತನಗೆ ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ಟೀಚರ್ ಆಗಬೇಕೆಂದಿದೆ ಎಂದಳು. ಪಕ್ಕದ ಮನೆಯ ಅಂತಹ ಮಗುವಿನ ಜೊತೆ ಐದು ವರ್ಷ ಆಡಿ ಕೈಸನ್ನೆ ಕಲಿತಿದ್ದಾಳಂತೆ. ಇದನ್ನು ಅಮ್ಮನಿಗೆ ಹೇಳಿದ್ದೀಯಾ ಎಂದೆ. ಇಲ್ಲ ಎಂದು ತಲೆಯಾಡಿಸಿದಳು. ಹೇಳಿ ಬಾ, ಇಬ್ಬರೂ ಒಟ್ಟಿಗೆ ಬನ್ನಿ, ಆಮೇಲೆ ಯಾವ ಕಾಲೇಜಿಗೆ ಎಂದು ಬರೆಯೋಣ ಎಂದು ಕಳುಹಿಸಿದೆ. ಮುದ್ರೆ ಒತ್ತಿದ ಖಾಲಿ ಕಾಗದ ಮೇಜಿನ ಮೇಲಿದೆ. ಈ ಭಾನುವಾರ ಎರಡನೇ ಪೂಜೆಯ ನಂತರ ಬರುತ್ತೇವೆಂದು ತಾಯಿ ಹೇಳಿಕಳುಹಿಸಿದ್ದಾರೆ.